ಮೈದಾನದಲ್ಲಿ ಐವತ್ತು ನಿಮಿಷ

"ಸಾಲಾಗಿ ನಿಂತ್ಕೊಳ್ಳಿ. ಜಾಗ ಸಾಲದಿದ್ರೆ ಹೊಟ್ಟೆ ಒಳಗೆ ಎಳ್ಕೊಳ್ಳಿ, ಸಾಲುತ್ತೆ," ಎಂದು ಡ್ರಿಲ್ ಮಾಸ್ತರು ಬೆಂಚು ಹತ್ತಿ ಕೂಗಿದಾಗ ಅಲ್ಲೊಬ್ಬರು ಇಲ್ಲೊಬ್ಬರು ನಕ್ಕರು. ಮೂರು ದಿನದಲ್ಲಿ ಅದೇ ಮೊದಲ ನಗು.

ಬೇರೆ ಯಾವುದೋ ಊರಿನ ಒಳಾಂಗಣ ಕ್ರೀಡಾಂಗಣ ಅದು. ಸೋಮವಾರ ಅಣುಸ್ಥಾವರದ ಎರಡನೇ ಘಟಕ ಸಿಡಿದ ಮೇಲೆ ಇಡೀ ಊರನ್ನು ಬಸ್ಸುಗಳಲ್ಲಿ ತುಂಬಿ ತಂದು ಇಲ್ಲಿ ಸುರಿದಿದ್ದರು. ಬ್ಯಾಡ್ಮಿಂಟನ್ ಗೆರೆಗಳ ನಡುವೆ ಸಂಸಾರಕ್ಕೊಂದು ಚಾದರ. ಯಾರೂ ಅತ್ತಿರಲಿಲ್ಲ; ಅಳಬೇಕಾದರೂ ಆದದ್ದೇನು ಎಂದು ತಿಳಿದಿರಬೇಕಲ್ಲ. ಗೋಡೆ ಬಿದ್ದಿಲ್ಲ, ರಕ್ತ ಕಂಡಿಲ್ಲ, ಮೈಮೇಲೆ ಒಂದು ಗೀರೂ ಇಲ್ಲ. ಆದರೂ ಮನೆಗೆ ಹೋಗುವ ಹಾಗಿಲ್ಲವಂತೆ. ಎಷ್ಟು ದಿನ ಎಂದರೆ ಹೇಳುವವರಿಲ್ಲ. ಮೂಲೆಯಲ್ಲಿ ಒಬ್ಬ ಮುದುಕಿ ಒಲೆ ಆರಿಸಿ ಬಂದೆನೋ ಇಲ್ಲವೋ ಎಂದು ಬಂದಾಗಿನಿಂದ ಕೇಳಿದವರನ್ನೇ ಕೇಳುತ್ತಿದ್ದಳು.

ಅಂದು ಬೆಳಿಗ್ಗೆ ಮಕ್ಕಳ ತಪಾಸಣೆ. ಮಾಸ್ತರ ಕಂಠ ಗಟ್ಟಿ ಎಂದು ಸಾಲು ನೋಡಿಕೊಳ್ಳುವ ಕೆಲಸ ಅವರ ಪಾಲಿಗೆ ಬಂದಿತ್ತು. ಮನೆಯವರು ತುಂಬಿ ಕೊಡಬೇಕಾದ ಹಸಿರು ಚೀಟಿಗಳ ಕಟ್ಟನ್ನೂ ಅವರೇ ಹಂಚಿದ್ದರು, ಓದಿರಲಿಲ್ಲ ಅಷ್ಟೆ. ಹಂಚುವಾಗ ಸಾಲಿನುದ್ದಕ್ಕೂ ಹೊಗಳಿಕೆ. "ಮುನ್ನೂರ ಹನ್ನೆರಡು ಮಕ್ಕಳನ್ನ ಒಂದೂ ತಪ್ಪಿಸದೆ ಬಸ್ಸಿಗೆ ಹತ್ತಿಸಿದ್ರಿ. ನಮ್ಮನೇಲಿ ಎರಡನ್ನ ಹೊರಡಿಸೋದ್ರಲ್ಲಿ ಪ್ರಾಣ ಹೋಗುತ್ತೆ," ಎಂದು ಒಬ್ಬ ತಾಯಿ ಅವರ ಕೈ ಹಿಡಿದುಕೊಂಡಳು.

"ಮಾಸ್ತರೇ, ಒಂದ್ಸಲ ತಕ್ಕದ್ದು ಸಾಹೇಬ್ರನ್ನ ಕರೆಸಿ," ಎಂದ ಶಾಲಾ ಬಸ್ಸಿನ ಡ್ರೈವರ್. ಅವನ ಮಗ ಅಪ್ಪನ ಬೆಲ್ಟು ಹಿಡಿದು ನಿಂತಿದ್ದ. "ದವಡೆ ತುಕ್ಕು ಹಿಡಿದಿದೆ. ಸ್ವಲ್ಪ ಎಣ್ಣೆ ಬಿಡಿ."

ತಕ್ಕದ್ದು ಸಾಹೇಬರೆಂದರೆ ಸ್ಥಾವರದ ಸುರಕ್ಷತಾ ಅಧಿಕಾರಿ. ವರ್ಷಕ್ಕೊಮ್ಮೆ ಶಾಲೆಗೆ ಬಂದು ಸುತ್ತೋಲೆ ಓದುತ್ತಿದ್ದರು. ಪ್ರತಿ ವಾಕ್ಯಕ್ಕೂ 'ತಕ್ಕದ್ದು' ಎಂಬ ಬಾಲ. ಮಾಸ್ತರು ಆ ಸುತ್ತೋಲೆಯನ್ನು ಅಕ್ಷರ ಬಿಡದೆ ಬಾಯಿಪಾಠ ಮಾಡಿದ್ದರು. ಶಿಕ್ಷಕರ ಕೋಣೆಯಲ್ಲಿ ಅದನ್ನು ಸಾಹೇಬರ ಹಾಗೆಯೇ ಮೂಗಿನಲ್ಲಿ ಒಪ್ಪಿಸಿ ಎಲ್ಲರ ಹೊಟ್ಟೆ ಹುಣ್ಣಾಗಿಸುತ್ತಿದ್ದರು.

ಮಾಸ್ತರು ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿಕೊಂಡರು. ಕತ್ತು ಕುಗ್ಗಿತು, ಹುಬ್ಬು ಏರಿತು.

"ಸಾರ್ವಜನಿಕರು ಗಾಬರಿಗೊಳ್ಳದೆ ಇರತಕ್ಕದ್ದು."

ಜನ ಕಿಸಕ್ಕೆಂದರು.

"ಗಾಬರಿಗೊಂಡಲ್ಲಿ, ಸಾಲಾಗಿ ಗಾಬರಿಗೊಳ್ಳತಕ್ಕದ್ದು."

ಡ್ರೈವರ್ ತೊಡೆ ತಟ್ಟಿಕೊಂಡ.

"ಸೈರನ್ ಒಂದು ನಿಮಿಷ ಮೀರಿ ಕೂಗಿದಲ್ಲಿ, ಮಕ್ಕಳನ್ನು ಕೊಠಡಿಗಳ ಒಳಗೇ ಇರಿಸಿ, ಕಿಟಕಿ ಬಾಗಿಲುಗಳನ್ನು ಮುಚ್ಚ..."

"ತಕ್ಕದ್ದು," ಎಂದು ಜನವೇ ರಾಗವಾಗಿ ಮುಗಿಸಿ, ಮತ್ತೆ ನಕ್ಕರು.

ಮಾಸ್ತರು ಬೆಂಚಿನಿಂದ ಇಳಿದರು. ಬಾಯಿಪಾಠವಾಗಿದ್ದ ಆ ಮಾತು ಮೊದಲ ಸಲ ಅವರ ಕಿವಿಗೇ ಬಿದ್ದಿತ್ತು.

ಅವರ ಊರಿನಲ್ಲಿ ಸ್ಥಾವರದ ಸೈರನ್ನಿಗೆ ಹೆದರುವವರಿರಲಿಲ್ಲ. ತಿಂಗಳ ಮೊದಲ ಸೋಮವಾರ ಹತ್ತು ಗಂಟೆಗೆ ಅದರ ಪರೀಕ್ಷೆ; ಜನ ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದರು. ಶಾಲೆಗೆ ಅದೇ ಬೆಂಕಿ ಡ್ರಿಲ್ಲಿನ ಗಂಟೆಯೂ ಆಗಿತ್ತು. ಸೈರನ್ ಕೂಗಿತೋ, ಮಕ್ಕಳು ಮೂರು ನಿಮಿಷದೊಳಗೆ ಮೈದಾನದಲ್ಲಿ. ಅದು ನಿಲ್ಲುವವರೆಗೆ ಯಾರೂ ಒಳಗೆ ಹೋಗುವಂತಿಲ್ಲ. ಈ ನಿಯಮ ಮಾಸ್ತರದೇ. ಮಕ್ಕಳಿಗದು ಎಷ್ಟು ಮಾಮೂಲೆಂದರೆ ಮನೆಯಲ್ಲಿ ಹೇಳುವ ಸುದ್ದಿಯೇ ಅಲ್ಲ. ಈ ಸೋಮವಾರವೂ ಮೊದಲ ಸೋಮವಾರ, ಹತ್ತೇ ಗಂಟೆ. ಸೈರನ್ ಮಾತ್ರ ನಿಲ್ಲಲಿಲ್ಲ. ಐವತ್ತು ನಿಮಿಷ, ಹೊರಗಿನಿಂದ ಸರ್ಕಾರಿ ಬಸ್ಸು ಬರುವವರೆಗೆ, ನಿಯಮದಂತೆ ಎಲ್ಲರೂ ಬಯಲಿನಲ್ಲಿ ನಿಂತಿದ್ದರು. ಸ್ಥಾವರದ ಕಡೆಯಿಂದ ತಣ್ಣನೆ ಗಾಳಿ. ಚಿಕ್ಕವರು ಮಿಸುಕಾಡತೊಡಗಿದಾಗ ಮಾಸ್ತರು ಅವರಿಗೆ ವ್ಯಾಯಾಮ ಮಾಡಿಸಿದ್ದರು. ದೀರ್ಘವಾಗಿ ಉಸಿರು ಎಳೆದುಕೊಳ್ಳಿ. ಒಂದು. ಇನ್ನೂ ಎಳೆದುಕೊಳ್ಳಿ. ಎರಡು.

ಕೈಯಲ್ಲಿದ್ದ ಹಸಿರು ಚೀಟಿಯನ್ನು ಅವರು ಆಗ ಓದಿದರು. ಸೈರನ್ ಕೂಗಿದಾಗ ಮಗು ಒಳಗಿತ್ತೋ ಹೊರಗಿತ್ತೋ? ಒಳಗಿದ್ದರೆ ಎಡ ಬಾಗಿಲು: ಒಂದು ಮಾತ್ರೆ, ಸಂಜೆಯ ಬಸ್ಸಿಗೆ ನೆಂಟರ ಮನೆ. ಹೊರಗಿದ್ದರೆ ಬಲ ಬಾಗಿಲು: ಕತ್ತಿನ ಬುಡಕ್ಕೆ ಯಂತ್ರವಿಟ್ಟು ವಿಕಿರಣ ಅಳೆಯುವುದು, ಬೇಕಾದರೆ ಆಸ್ಪತ್ರೆ. ಇಡೀ ಸಾಲು ಎಡಕ್ಕೆ ಹೊರಟಿತ್ತು. ಮಕ್ಕಳು ಶಾಲೆಯಲ್ಲಿದ್ದರು, ಶಾಲೆ ಎಂದ ಮೇಲೆ ಒಳಗೇ. ಎಲ್ಲರೂ ಹಾಗೆಂದೇ ಗೀಟು ಹಾಕಿದ್ದರು.

ಅವರ ತಂಗಿಯೂ ಹಾಕಿದ್ದಳು. ಬಾಗಿಲಿಗೆ ನಾಲ್ಕು ಹೆಜ್ಜೆ ದೂರದಲ್ಲಿ, ಎರಡನೇ ಕ್ಲಾಸಿನ ಮಗಳ ಕೈ ಹಿಡಿದು ನಿಂತಿದ್ದಳು. ಮಾಸ್ತರು ಅವಳ ಕಿವಿಯ ಹತ್ತಿರ ಬಾಗಿ ಎರಡೇ ಮಾತು ಹೇಳಿದರು. ತಂಗಿ ಅಣ್ಣನ ಮುಖ ನೋಡಿದಳು. ಇದೂ ಯಾರದೋ ಅನುಕರಣೆ ಇರಬಹುದೆಂದು ಕಾದಳು.

"ತಮಾಷೆನಾ?"

"ಅಲ್ಲ ಕಣೇ."

ಅವಳು ಸಾಲಿನ ಹಿಂದೊಮ್ಮೆ ಮುಂದೊಮ್ಮೆ ನೋಡಿ ದನಿ ತಗ್ಗಿಸಿದಳು. "ನೀನು ಬಾಯಿ ಬಿಡಬೇಡ. ಇವರೆಲ್ಲ ನಿನ್ನ ಸಿಗಿದು ಹಾಕ್ತಾರೆ. ನಾನು ಇವಳನ್ನ ಸದ್ದಿಲ್ಲದೆ ಆ ಕಡೆ ಕರ್ಕೊಂಡು ಹೋಗ್ತೀನಿ."

"ಉಳಿದವರು?"

ತಂಗಿ ಮಗಳ ಕೈ ಎಳೆದುಕೊಂಡು ಬಲಕ್ಕೆ ನಡೆದಳು.

ಮಾಸ್ತರು ಮತ್ತೆ ಬೆಂಚು ಹತ್ತಿದರು. ಇನ್ನೊಂದು ಆಟ ಶುರುವಾಯಿತೆಂದು ಡ್ರೈವರ್ ಮೊದಲೇ ಹಲ್ಲು ಕಿರಿದ. ಮಾಸ್ತರು ಬಾಯಿ ತೆರೆದರು. ಊರಿನ ಅರ್ಧ ಜನರ ದನಿ ಬರುತ್ತಿದ್ದ ಗಂಟಲಿಗೆ ತನ್ನದು ಸಿಗಲು ಸ್ವಲ್ಪ ಹೊತ್ತು ಬೇಕಾಯಿತು.

"ಎಡಗಡೆ ಯಾರೂ ಹೋಗ್ಬೇಡಿ. ನಮ್ಮ ಶಾಲೆ ಮಕ್ಕಳು ಒಳಗಿರಲಿಲ್ಲ. ಐವತ್ತು ನಿಮಿಷ ಮೈದಾನದಲ್ಲಿದ್ರು. ನಿಲ್ಲಿಸಿದ್ದು ನಾನು. ಒಳಗಿಡಬೇಕು ಅಂತ ಸುತ್ತೋಲೆ ಇತ್ತು. ನನಗೆ ಅದು ಬಾಯಿಗೆ ಬರ್ತಿತ್ತು."

ಇಷ್ಟು ದೊಡ್ಡ ಕ್ರೀಡಾಂಗಣದಲ್ಲಿ ಮೂಲೆಯ ಮುದುಕಿಯ ಒಲೆಯ ಪ್ರಶ್ನೆಯೊಂದೇ ಕೇಳಿಸುತ್ತಿತ್ತು. ಎಡ ಬಾಗಿಲಲ್ಲಿ ಕೂತಿದ್ದ ನರ್ಸ್ ಎದ್ದು ನಿಂತು, ಅದಾಗಲೇ ಮುದ್ರೆ ಒತ್ತಿದ್ದ ಚೀಟಿಗಳನ್ನು ಒಂದೊಂದಾಗಿ ವಾಪಸು ತೆಗೆದಳು.

ಡ್ರೈವರ್ ಬೆಂಚಿನ ಬಳಿ ಬಂದ. ಮಾಸ್ತರು ಕೆಳಗಿಳಿದು, ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡು ಕೆನ್ನೆ ಕೊಟ್ಟು ನಿಂತರು. ಅವನು ಕೈ ಎತ್ತಲಿಲ್ಲ.

"ನಮ್ಮ ಹುಡುಗ ಯಾವ ಸಾಲಲ್ಲಿದ್ದ?"

ಮಾಸ್ತರಿಗೆ ಪಟ್ಟಿ ಬೇಕಿರಲಿಲ್ಲ. "ಐದನೇ ಸಾಲು. ಎಡಗಡೆಯಿಂದ ಮೂರನೆಯವನು."

"ಹಿಂದೆ, ಅಲ್ವಾ? ಗಾಳಿ ಅಷ್ಟು ತಾಗಿರಲ್ಲ?"

"ಹಿಂದೆ."

ಡ್ರೈವರ್ ತಲೆಯಾಡಿಸಿದ. ಮಗನ ತಲೆಯ ಮೇಲೆ ಕೈಯಿಟ್ಟು, ಹೋಗಿ ಬಲ ಬಾಗಿಲ ಎದುರು ನಿಂತ. ಅವನ ಹಿಂದೆ ಇನ್ನೊಬ್ಬಳು ತಾಯಿ ಬಂದಳು, ಮತ್ತೊಬ್ಬ ಅಪ್ಪ ಬಂದ. ಎಲ್ಲರದೂ ಅದೇ ಪ್ರಶ್ನೆ. ಮೂರನೇ ಸಾಲು. ಏಳನೇ ಸಾಲು, ಕೊನೆಯವಳು. ಮಾಸ್ತರು ಹೇಳುತ್ತಾ ಹೋದರು. ಕೇಳಿದವರು ಮಗುವನ್ನು ಅಡಿಯಿಂದ ಮುಡಿಯವರೆಗೆ ನೋಡಿಕೊಂಡು ಸರಿದರು.

"ನಮ್ಮವಳು?" ಎಂದಳು ಒಬ್ಬಾಕೆ, ನಿದ್ದೆಗಣ್ಣಿನ ಹುಡುಗಿಯನ್ನು ಸೊಂಟದ ಮೇಲೆತ್ತಿಕೊಂಡು.

"ಮೊದಲನೇ ಸಾಲು. ಮರದ ಹತ್ತಿರ."

"ಅಲ್ಲಿ ನೆರಳಿತ್ತಾ?"

ಮಾಸ್ತರು ಅವಳನ್ನು ನೋಡಿದರು. "ಇತ್ತು," ಎಂದರು.

ಆಕೆ ಹಿಂದೆ ತಿರುಗಿ, ಅಂದು ಅದೇ ಮರದ ಬಳಿ ನಿಂತಿದ್ದ ಇನ್ನೊಂದು ಹುಡುಗಿಯ ತಾಯಿಗೆ, "ನೆರಳಿತ್ತಂತೆ," ಎಂದಳು. ಅವಳು ತನ್ನ ಹಿಂದಿನವಳಿಗೆ ಹೇಳಿದಳು. ನೆರಳಿತ್ತಂತೆ, ನೆರಳಿತ್ತಂತೆ ಎಂದು ಬಾಯಿಂದ ಬಾಯಿಗೆ ಮಾತು ಸಾಲಿನುದ್ದಕ್ಕೂ ಹೋಗಿ, ಕೊನೆಯಲ್ಲಿ ನಿಂತವರು ಕೂಡ ಹೌದೇ ಎಂದು ತಲೆಯೆತ್ತಿ ನೋಡಿದರು.