ಬೈಗುಳವಿಲ್ಲದ ಬೆಳಗು

"ಹಾಗಾದ್ರೆ ಅವನಿಗೆ ಹೇಳಿದ್ದು ಯಾರು?" ಡೆಲಿತ್ ಕೇಳಿದಳು.

ಇಂಜಿನ್ನಿಗೆ ನೀರು ತುಂಬಿಸುತ್ತಿದ್ದ ಗೆರೈಂಟ್ ಕೊಳವೆ ಹಿಡಿದುಕೊಂಡೇ ತಿರುಗಿ ನೋಡಿದ. "ನೀನೇ ಹೇಳಿರ್ತೀಯ ಅಂದ್ಕೊಂಡಿದ್ನಲ್ಲ. ನಿನ್ನೆ ಸಂಜೆ ಎಲ್ರಿಗೂ ಇ-ಮೇಲ್ ಕಳಿಸಿದ್ದು ನೀನು ತಾನೆ?"

"ಕಳಿಸಿದ್ದು ನಾನು. ಬರೆದುಕೊಟ್ಟಿದ್ದು ರೊವೆನಾ. ಅವಳು ಮುಂಚೆನೇ ಅವನ ಹತ್ರ ಮಾತಾಡಿರ್ತಾಳೆ ಅಂತ..." ಡೆಲಿತ್ ಮಾತನ್ನು ಅಲ್ಲಿಗೇ ಬಿಟ್ಟು ಫೋನು ತೆಗೆದಳು.

ರೊವೆನಾ ಊರವರೇ ನಡೆಸುವ ಆ ಪುಟ್ಟ ರೈಲಿನ ಹೊಸ ಮ್ಯಾನೇಜರು. ಬಂದು ಆರು ತಿಂಗಳೂ ಆಗಿರಲಿಲ್ಲ. ಫೋನಿನಲ್ಲಿ ಅವಳ ದನಿ ಮೊದಲು ಗೆಲುವಾಗಿತ್ತು, ಆಮೇಲೆ ಇಳಿಯಿತು. "ಅಯ್ಯೋ ದೇವರೆ. ನೀವು ಅವರ ಪಕ್ಕದ ಮನೆಯವರಲ್ವಾ ಡೆಲಿತ್? ನಾನು ಹೊರಗಿನವಳು, ನನ್ನ ಬಾಯಿಂದ ಕೇಳೋದಕ್ಕಿಂತ ನಿಮ್ಮ ಬಾಯಿಂದ ಕೇಳಿದ್ರೆ ಒಳ್ಳೇದು ಅಂದ್ಕೊಂಡೆ. ನೀವು ಹೇಳಿದೀರ ಅಂತಾನೇ ತಿಳ್ಕೊಂಡೆ."

ಹೀಗೆ, ಹೆಲಿಗ್ ಸ್ಟೇಷನ್ನಿನ ಸಿಗ್ನಲ್ ಮನೆಗೆ ಸೋಮವಾರದಿಂದ ಸಂಬಳದ ಹೊಸಬನೊಬ್ಬ ಬರುತ್ತಾನೆ, ಈವರೆಗೆ ಅದನ್ನು ನಡೆಸಿದ ಎಮ್ಲಿನ್ ನಿವೃತ್ತನಾಗುತ್ತಾನೆ, ಅವನ ಸೇವೆಗೆ ಎಲ್ಲರೂ ಋಣಿಗಳು ಎನ್ನುವ ಸುದ್ದಿ ಕಣಿವೆಯ ಉದ್ದಕ್ಕೂ ಸದಸ್ಯರೆಲ್ಲರಿಗೂ ಗೊತ್ತಾಗಿತ್ತು, ಇ-ಮೇಲ್ ಇಲ್ಲದ ಎಮ್ಲಿನ್ ಒಬ್ಬನನ್ನು ಬಿಟ್ಟು. ಸದಸ್ಯರ ಸುದ್ದಿಪತ್ರಿಕೆಯನ್ನು ಅಂಚೆಯಲ್ಲಿ ತರಿಸಿಕೊಳ್ಳುವ ಅವನಂಥವರಿಗೆ ಅದು ಮುಂದಿನ ವಾರ ಸಿಗುತ್ತಿತ್ತು. ಡೆಲಿತ್ ಸದಸ್ಯರ ಕಾರ್ಯದರ್ಶಿಯಾಗಿ ಬಹಳ ವರ್ಷವಾಗಿತ್ತು. ಹಿಂದೆ ಇಂಥ ಸುದ್ದಿ ಕಾಗದಕ್ಕೆ ಬೀಳುವ ಮೊದಲು ಬೆಳಗಿನ ರೈಲಿನಲ್ಲಿ ಯಾರಾದರೂ ಒಬ್ಬರು ಹೋಗಿ, ಒಂದು ಕಪ್ ಚಹಾ ಕುಡಿದು, ಮುಖ ನೋಡಿ ಹೇಳಿ ಬರುತ್ತಿದ್ದರು. ಆ ರೂಢಿಯನ್ನು ಮುರಿಯಬೇಕೆಂದು ಯಾರೂ ಹೊರಟಿರಲಿಲ್ಲ.

"ಸಿಗ್ನಲ್ ಮನೆ ಫೋನಿಗೆ ಮಾಡಿ ಹೇಳ್ಬಿಡು," ಎಂದ ಗೆರೈಂಟ್.

"ಆ ತಂತೀಲಾ? ಇಲ್ಲಿಂದ ಮೇಲಿನ ಗಣಿವರೆಗೂ ಎಲ್ಲಾ ಸ್ಟೇಷನ್ನಿನವರೂ ಕಿವಿ ಇಟ್ಕೊಂಡು ಕೇಳ್ತಾರೆ. ನಾನು ನಿನ್ ಜೊತೆ ಬರ್ತೀನಿ. ನೋಡು, ಅವನು ಟೋಕನ್ ಕೊಡುವಾಗ ಏನೂ ಗೊತ್ತಿಲ್ದವನ ಹಾಗೆ ಇರು. ನಾನು ಮೇಲೆ ಹತ್ತಿ ಹೋಗೋವರೆಗೆ."

"ನಾನೇನು ಮಗೂನಾ?" ಎಂದ ಗೆರೈಂಟ್. ಅವನ ಮುಖ ಆಗಲೇ ಬಾಡಿತ್ತು.

ರೈಲು ಹೊರಟಿತು. ಒಂದು ಕಾಲದಲ್ಲಿ ಬೆಟ್ಟದ ಮೇಲಿನ ಗಣಿಯಿಂದ ಕಲ್ಲುಹಲಗೆ ಹೊರುತ್ತಿದ್ದ ಸಣ್ಣ ಹಳಿ ಅದು. ಗಣಿ ಮುಚ್ಚಿದ ಮೇಲೆ ಮುಳ್ಳುಕಂಟಿ ಬೆಳೆದು ಹಳಿ ಕಾಣದಾದಾಗ ಊರವರೇ ಕತ್ತಿ ಹಿಡಿದು ಸವರಿ, ಸಂಬಳವಿಲ್ಲದೆ ದುಡಿದು, ಮತ್ತೆ ರೈಲು ಓಡಿಸಿದ್ದರು. ಮೊದಲು ಕತ್ತಿ ಹಿಡಿದವರಲ್ಲಿ ಎಮ್ಲಿನ್ ಒಬ್ಬ, ಡೆಲಿತಳ ಗಂಡ ಒಬ್ಬ. ಗಂಡ ಈಗ ಚರ್ಚಿನ ಹಿಂದಿನ ಮಣ್ಣಿನಲ್ಲಿದ್ದ. ಡೆಲಿತ್ ಮಡಿಲಲ್ಲಿದ್ದ ಕೇಕಿನ ಡಬ್ಬಿಯನ್ನು ಎರಡೂ ಕೈಯಲ್ಲಿ ಒತ್ತಿಕೊಂಡು ಕೂತಳು. ಚಹಾದಲ್ಲಿ ಒಣದ್ರಾಕ್ಷಿ ನೆನೆಸಿ ಮಾಡಿದ್ದು. ಬರಿಗೈಯಲ್ಲಿ ಹೋಗಬಾರದೆಂದು ತಂದಿದ್ದಳು. ಸಾವಿನ ಮನೆಗೆ ಹೋಗುವಾಗಲೂ ಇದನ್ನೇ ಒಯ್ಯುತ್ತಾರಲ್ಲ ಎಂದು ದಾರಿಯಲ್ಲಿ ಹೊಳೆದು ಕಸಿವಿಸಿಯಾಯಿತು.

ಹೆಲಿಗ್‌ನಲ್ಲಿ ರೈಲು ನಿಧಾನವಾಯಿತು. ಒಂದೇ ಹಳಿಯ ದಾರಿಯಾದ್ದರಿಂದ ಟೋಕನ್ ಇಲ್ಲದೆ ಯಾವ ಡ್ರೈವರೂ ಮುಂದೆ ಹೋಗುವಂತಿಲ್ಲ. ಎಮ್ಲಿನ್ ಎಂದಿನಂತೆ ಕೆಳಗಿಳಿದು ಬಂದು, ಟೋಕನ್ ಕಟ್ಟಿದ ದೊಡ್ಡ ಕಬ್ಬಿಣದ ಬಳೆಯನ್ನು ತೋಳು ಚಾಚಿ ಹಿಡಿದು ನಿಂತಿದ್ದ. ಕೊಡುವವನು, ತೆಗೆದುಕೊಳ್ಳುವವನು ಆ ಗಳಿಗೆಯಲ್ಲಿ ಒಬ್ಬರನ್ನೊಬ್ಬರು ಬೈಯಬೇಕು. ಅದು ಹೇಗೆ ಶುರುವಾಯಿತೋ ಯಾರಿಗೂ ನೆನಪಿಲ್ಲ. ಎಮ್ಲಿನ್ ಗೆರೈಂಟನ ಕುರಿಗಳನ್ನೂ ಅವನ ತಾತನ ಜಿಪುಣತನವನ್ನೂ ಎತ್ತಿ ಆಡುತ್ತಿದ್ದ. ಗೆರೈಂಟ್ ತಪ್ಪದೆ "ಬಂತಾ ರೈಲು ಕಣ್ಣಿಗೆ, ಕುರುಡು ಗೂಬೆ!" ಎನ್ನುತ್ತಿದ್ದ. ಪ್ರವಾಸಿಗಳು ಬೆಚ್ಚಿ ಕಿಟಕಿಯಿಂದ ಇಣುಕುತ್ತಿದ್ದರು.

"ಬಾರಯ್ಯ ಬಾ!" ಎಮ್ಲಿನ್ ಕೂಗಿದ. "ಕಲ್ಲಿದ್ದಲು ಉಳಿಸೋಕೆ ಇಂಜಿನ್ ತಳ್ಕೊಂಡು ಬಂದ್ಯೋ, ತಾತನ ಹಾಗೆ?"

ಗೆರೈಂಟ್ ಬಗ್ಗಿ ಬಳೆಯನ್ನು ತೆಗೆದುಕೊಂಡ. "ಗುಡ್ ಮಾರ್ನಿಂಗ್ ಎಮ್ಲಿನ್," ಎಂದ. ಅಷ್ಟಕ್ಕೆ ಸುಮ್ಮನಿರದೆ, "ಹುಷಾರಾಗಿದ್ದೀಯಾ?" ಎಂದೂ ಕೇಳಿದ.

ಎಮ್ಲಿನ್ ಚಾಚಿದ ತೋಳನ್ನು ಹಾಗೇ ಬಿಟ್ಟುಕೊಂಡು ಇಂಜಿನ್ ದಾಟಿಹೋಗುವುದನ್ನು ನೋಡಿದ. ಗಾರ್ಡ್ ಟೋಪಿ ಮುಟ್ಟಿ ತಲೆ ಬಾಗಿಸಿದ. ಡೆಲಿತ್ ಡಬ್ಬಿ ಹಿಡಿದು ಇಳಿದಳು. ರೈಲು ಮೇಲಕ್ಕೆ ಹೋಯಿತು.

ಎಮ್ಲಿನ್ ಮೆಟ್ಟಿಲು ಹತ್ತಿದ, ಅವಳು ಹಿಂದೆ ಹತ್ತಿದಳು. ಸಿಗ್ನಲ್ ಮನೆಯಲ್ಲಿ ಸಾಲಾಗಿ ನಿಂತ, ಸಿಗ್ನಲ್ ಎಳೆಯುವ ಸನ್ನೆಕೋಲುಗಳ ಹಿಡಿಕೆಗಳು ಬೆಳ್ಳಿಯಂತೆ ಮಿನುಗುತ್ತಿದ್ದವು. ಬರಿಗೈ ತಾಗಿದರೆ ಬೆವರಿಗೆ ತುಕ್ಕು ಹಿಡಿಯುತ್ತದೆಂದು ಅವನು ಬಟ್ಟೆಯಿಲ್ಲದೆ ಅವನ್ನು ಮುಟ್ಟಿದವನಲ್ಲ, ಬೇರೆಯವರಿಗೆ ಮುಟ್ಟಗೊಟ್ಟವನೂ ಅಲ್ಲ. ಈಗ ಬಟ್ಟೆ ಸುತ್ತಿ ಒಂದನ್ನು ಹಿಂದಕ್ಕೆ ತಳ್ಳಿ, ಹಾದುಹೋದ ರೈಲಿನ ಹಿಂದೆ ಸಿಗ್ನಲ್ ಮುಚ್ಚಿದ. ಆಮೇಲೆ ಅವಳ ಕಡೆ ತಿರುಗಿದ.

"ಸರಿ, ಹೇಳು. ನಾನು ಸಾಯ್ತಿದ್ದೀನಾ, ಇಲ್ಲ ನನ್ನ ಕಿತ್ತಾಕಿದ್ದಾರಾ?"

"ಎಮ್ಲಿನ್..."

"ಹಾಲು ಹಾಕೋಳು ಬೆಳಿಗ್ಗೆ ನನ್ನ ಕೈ ಹಿಡ್ಕೊಂಡ್ಳು. ಹಳಿ ನೋಡೋ ಹುಡುಗ್ರು ಬಂದು ಚಹಾಕ್ಕೆ ಕೆಟಲ್ ಇಟ್ಕೊಟ್ರು. ಈಗ ಗೆರೈಂಟ್ ಗುಡ್ ಮಾರ್ನಿಂಗ್ ಅಂತಾನೆ! ಅವನ ತಾಯಿ ಮಣ್ಣಿಗೆ ಹೋದಾಗಲೂ ನಂಗೆ ಗುಡ್ ಮಾರ್ನಿಂಗ್ ಅಂದೋನಲ್ಲ."

ಅವಳು ಹೇಳಿದಳು. ಯಾವುದನ್ನೂ ಮುಚ್ಚಿಡಲಿಲ್ಲ: ವಸಂತದಲ್ಲಿ ಕಣ್ಣಿನ ಡಾಕ್ಟರು ಬರೆದದ್ದು, ಸಮಿತಿ ನಿರ್ಧರಿಸಿದ್ದು, ತಾನು ರೊವೆನಾಳನ್ನು, ರೊವೆನಾ ತನ್ನನ್ನು ನಂಬಿ ಸುಮ್ಮನಿದ್ದದ್ದು. ಹೇಳುತ್ತ ಕೇಕಿನ ಡಬ್ಬಿಯ ಮುಚ್ಚಳವನ್ನು ತೆಗೆಯುವುದು ಮತ್ತೆ ಮುಚ್ಚುವುದು ಮಾಡುತ್ತಿದ್ದಳು.

ಎಮ್ಲಿನ್ ಕಿಟಕಿಯ ಹೊರಗೆ ನೋಡುತ್ತ ಕೂತ. "ಆ ದೂರದ ಸಿಗ್ನಲ್ಲು ನಂಗೆ ಕಂಡು ಎಷ್ಟೋ ದಿನ ಆಯ್ತು ಡೆಲಿತ್. ತಂತಿ ಎಳೆದಾಗ ಕೈಗೆ ಸಿಗೋ ಬಿಗಿಯಲ್ಲೇ ಅಂದಾಜು ಮಾಡ್ತಿದ್ದೆ. ಗ್ರಹಚಾರ ಕೆಟ್ಟಿದ್ರೆ..." ಕಿಟಕಿಯಿಂದ ಮುಖ ತಿರುಗಿಸಿದ. "ಹೊಸಬ ಬರ್ಲಿ. ಬರ್ಲೇಬೇಕು. ಈ ಕೊನೇ ಕೋಲು ಹಟಮಾರಿ, ಅದರ ಮರ್ಜಿ ಹಿಡಿಯೋದು ನಾನೇ ತೋರಿಸ್ಕೊಡ್ತೀನಿ. ಆದ್ರೆ ನಾನಾಗೇ ಹೇಳ್ಬೇಕು ಅಂತ ಇತ್ತು. ಈ ಬೇಸಿಗೆ ಮುಗೀಲಿ, ಎಲ್ರೂ ಸೇರ್ದಾಗ ಎದ್ದು ನಿಂತು, ಸಾಕಪ್ಪ ಅಂತ. ಈಗ ನೋಡು, ಊರಿಗೆಲ್ಲ ಗೊತ್ತಾದ ಮೇಲೆ ನಂಗೆ. ನಾನು ಬದುಕಿದ್ದ ಹಾಗೇ ಹೆಣ ಆದೆ."

"ತಪ್ಪು ನಂದು," ಎಂದಳು ಡೆಲಿತ್. "ಕಳಿಸೋ ಮೊದಲು ಬೇಲಿ ಪಕ್ಕ ನಿಂತು ಒಂದ್ಸಲ ನಿನ್ನ ಕೂಗಿದ್ರೆ ಆಗ್ತಿತ್ತು. ಏನು ಮಾಡ್ಲಿ ಹೇಳು. ಎಲ್ರಿಗೂ ಇನ್ನೊಂದು ಬರೆದು ಕಳಿಸ್ಲಾ?"

"ಏನಂತ? ಕ್ಷಮೆ ಅಂತಾನಾ? ಆಗ ಇನ್ನೂ ಮೆತ್ತಗಾಗಿ ಕೈ ಹಿಡೀತಾರೆ." ಅವನು ಕೇಕಿನ ಚೂರು ಮುರಿದು ಬಾಯಿಗೆ ಹಾಕಿಕೊಂಡ. ನಿಧಾನವಾಗಿ ಅಗಿದ. "ಎಮ್ಲಿನ್ ಇನ್ನೂ ಸತ್ತಿಲ್ಲ, ಬೈಯೋದು ನಿಲ್ಲಿಸ್ಬೇಡಿ ಅಂತ ಬರಿ. ಸಕ್ಕರೆ ಕಮ್ಮಿಯಾಗಿದೆ ಇದಕ್ಕೆ."

"ನಿನಗೆ ಸಕ್ಕರೆ ಜಾಸ್ತಿ ಆಗ್ಬಾರ್ದು ಅಂತ ಡಾಕ್ಟ್ರು ಹೇಳಿದ್ದಾರೆ."

"ಅದನ್ನೂ ಎಲ್ರಿಗೂ ಇ-ಮೇಲ್ ಮಾಡಿದ್ದೀಯೇನು?"

ಡೆಲಿತಳಿಗೆ ನಗು ಬಂತು, ಜೊತೆಗೇ ಕಣ್ಣೂ ತುಂಬಿತು. ಸಿಗ್ನಲ್ ಮನೆಯ ಗಂಟೆ ಬಡಿಯಿತು. ರೈಲು ಮೇಲಿನಿಂದ ಹೊರಟಿತ್ತು.

ಎಮ್ಲಿನ್ ಎದ್ದ. "ಬಾ, ಇವತ್ತು ಬಳೆ ನೀನು ಹಿಡಿ. ತೋಳು ಸೆಟೆಸಬೇಡ, ಹೆದರಿ ಹಿಂದಕ್ಕೂ ಎಳೀಬೇಡ. ಅವನೇ ತಗೋತಾನೆ."

ಇಬ್ಬರೂ ಹಳಿಯ ಬದಿಗೆ ನಿಂತರು. ಇಂಜಿನ್ ತಿರುವಿನಲ್ಲಿ ಕಾಣಿಸಿತು. ಗೆರೈಂಟ್ ಹೊರಕ್ಕೆ ಬಾಗಿದ್ದ, ಬೆಳಗಿನ ಅದೇ ಬಾಡಿದ ಮುಖ.

"ಏನೋ ಗೆರೈಂಟ್!" ಎಮ್ಲಿನ್ ಎದೆ ತುಂಬಿ ಕೂಗಿದ. "ಇಂಜಿನ್ ಓಡಿಸ್ತಿದ್ದೀಯೋ ಇಲ್ಲ ಅದರ ಉಣ್ಣೆ ಕತ್ತರಿಸ್ತಿದ್ದೀಯೋ? ನಿನ್ನ ಕುಂಟು ಟಗರೂ ಇಷ್ಟು ಹೊತ್ತಿಗೆ ಎರಡು ಸಲ ಬಂದು ಹೋಗ್ತಿತ್ತು!"

 ಗೆರೈಂಟ್ ಡೆಲಿತಳನ್ನು ನೋಡಿದ. ಅವಳು ಬಳೆ ಹಿಡಿದ ತೋಳು ಅಲ್ಲಾಡದಂತೆ, ಹೂಂ ಎಂದು ತಲೆಯಾಡಿಸಿದಳು.

"ಬಂತಾ ರೈಲು ಕಣ್ಣಿಗೆ," ಗೆರೈಂಟನ ದನಿ ನಡುವೆ ಒಡೆಯಿತು. ಅವನು ಮತ್ತೆ ದನಿ ಎತ್ತಿದ. "ಕುರುಡು ಗೂಬೆ!"

 ಎಮ್ಲಿನ್ ತಲೆ ಹಿಂದಕ್ಕೆ ಹಾಕಿ ನಕ್ಕ. ಬಳೆ ಡೆಲಿತಳ ಕೈಯಿಂದ ಹೋದದ್ದು ಅವಳಿಗೆ ತಿಳಿಯಲೇ ಇಲ್ಲ. ಕಿಟಕಿಯೊಂದರಲ್ಲಿ ಪ್ರವಾಸಿ ಹೆಂಗಸು ಗಾಬರಿಯಿಂದ ಗಂಡನ ತೋಳು ತಿವಿಯುತ್ತಿದ್ದಳು.

ಮೇಲೆ ಬಂದು ಅವನು ಬಟ್ಟೆ ಸುತ್ತಿ ಸಿಗ್ನಲನ್ನು ಮುಚ್ಚಿದ. ಬಟ್ಟೆಯನ್ನು ಮಡಚಿ ಮೊಳೆಗೆ ಸಿಕ್ಕಿಸಿದ. ಆಮೇಲೆ ಬರಿಯ ಅಂಗೈಯನ್ನು ಕೊನೆಯ ಕೋಲಿನ ಮೇಲಿಟ್ಟು ಹಾಗೇ ನಿಂತ. ಡೆಲಿತ್ ಡಬ್ಬಿ ಮುಚ್ಚುವ ನೆಪದಲ್ಲಿ ಬೇರೆ ಕಡೆ ತಿರುಗಿದಳು. ಹೊಗೆ ಕಣಿವೆಗೆ ಇಳಿಯುತ್ತಿತ್ತು.

ಅವನು ಕೈ ತೆಗೆದ. ಮೊಳೆಯಿಂದ ಬಟ್ಟೆ ತೆಗೆದುಕೊಂಡು, ಅಂಗೈ ಗುರುತು ಮೂಡಿದ್ದ ಜಾಗವನ್ನು ಮಿನುಗುವವರೆಗೆ ಒರೆಸಿದ.