ಬಾವಿ ಇದೆ ಎಂದು ಬರೆಸಿ

ಕೊಡ ನೀರಿಗೆ ತಾಗಲಿಲ್ಲ. ರಮಾಬಾಯಿ ಈ ಬೇಸಿಗೆಯಲ್ಲಿ ಮೂರನೇ ಸಲ ಹಗ್ಗಕ್ಕೆ ಇನ್ನೊಂದು ತುಂಡು ಕಟ್ಟಿದಳು. ಸೇಡಂ ತಾಲೂಕಿನ ಆ ಹಳ್ಳಿಯ ಕೆಳಗಿನ ಓಣಿಗೆ ಇದೊಂದೇ ಬಾವಿ, ಹನ್ನೊಂದು ಮನೆಗೂ ಇದೇ ನೀರು. ಸಿಮೆಂಟ್ ಕಂಪನಿಯ ಗಣಿ ಆಳಕ್ಕೆ ಇಳಿದಂತೆಲ್ಲ ಬಾವಿಯ ನೀರೂ ಇಳಿಯುತ್ತಿತ್ತು. ಈಗ ಗಣಿ ಇನ್ನೂ ಹತ್ತಿರ ಬರಲಿತ್ತು. ಆ ಬಗ್ಗೆ ಊರವರ ಮಾತು ಕೇಳಲು ಸೋಮವಾರ ಸಾರ್ವಜನಿಕ ಅಹವಾಲು ಸಭೆ ಕರೆದಿದ್ದರು.

ಗಂಡ ಲಾಲಪ್ಪನಿಗೆ ಆ ಸಭೆಯ ಹೆಸರು ಕೇಳಿದರೇ ಚಡಪಡಿಕೆ. ಅವನು ಅದೇ ಕಂಪನಿಯಲ್ಲಿ ಗುತ್ತೇದಾರನ ಕೈಕೆಳಗೆ ಸಿಮೆಂಟ್ ಚೀಲ ಹೇರುತ್ತಿದ್ದ.

"ನೀ ಅಲ್ಲಿ ಬಾಯಿ ತೆರಿಬ್ಯಾಡ," ಎಂದ. "ನಾಳಿ ನನ್ನ ಗೇಟ್ ಪಾಸ್ ಕಸ್ಕೊಂಡ್ರ ಮನಿ ಹ್ಯಾಂಗ ನಡೀತದ?"

"ನೀರಿಲ್ಲಂದ್ರ ಹ್ಯಾಂಗ ನಡೀತದ?" ಎಂದಳು ರಮಾಬಾಯಿ.

ಆ ಸಂಜೆ ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುವ ಶಿವಕಾಂತಮ್ಮ ಬಂದರು. ಕೈಯಲ್ಲಿ ಗಣಿ ಯೋಜನೆಯ ಸಾರಾಂಶ ವರದಿ, ಕನ್ನಡದಲ್ಲೇ ಇತ್ತು. ಅದು ಪಂಚಾಯಿತಿಗೆ ಬಂದು ಇಪ್ಪತ್ತು ದಿನವಾಗಿದ್ದರೂ ಯಾರೂ ಮುಟ್ಟಿರಲಿಲ್ಲ. ವಾಟ್ಸಾಪ್‌ನಲ್ಲಿ ಬಂದಿದ್ದೆಲ್ಲ ಓದಲು ನಮಗೆ ಪುರುಸೊತ್ತು ಸಿಗುತ್ತದೆ, ನಮ್ಮೂರಿನ ಕಾಗದ ಓದಲು ಮಾತ್ರ ಸಿಗುವುದಿಲ್ಲ.

"ಕುಂದ್ರಿ ಅಕ್ಕೋರೆ," ಎಂದು ರಮಾಬಾಯಿ ಚಾಪೆ ಹಾಸಿದಳು.

"ಲಾಲಪ್ಪ, ಇಲ್ಲಿ ಏನ್ ಬರ್ದಾರ ಕೇಳು," ಎಂದು ಶಿವಕಾಂತಮ್ಮ ಓದಿದರು. "'ಗಣಿಯ ಸುತ್ತ ಒಂದು ಕಿಲೋಮೀಟರಿನಲ್ಲಿ ಬಳಕೆಯಲ್ಲಿರುವ ಬಾವಿಗಳಿಲ್ಲ.'"

"ಮತ್ತ ನಮ್ಮ ಬಾವಿ?" ಎಂದ ಲಾಲಪ್ಪ.

"ಕಾಗದದಾಗ ಇಲ್ಲ. ಇಲ್ಲದ ಬಾವಿ ಬತ್ತಿದ್ರ ನಾಳಿ ಯಾರ್ನ ಕೇಳ್ತಿ?"

ಲಾಲಪ್ಪ ಎದ್ದು ಬಾಗಿಲ ತನಕ ಹೋಗಿ ತಿರುಗಿ ಬಂದ. ಮೇಲಿನ ಓಣಿಯ ಬಾವಿ ಮುಟ್ಟಗೊಡದ ಕಾಲದಲ್ಲಿ ಅವನ ಅಪ್ಪ ನಾಲ್ಕು ಮಂದಿ ಜೊತೆ ಬಂಡೆ ಒಡೆದು ತೋಡಿದ ಬಾವಿ ಅದು. ಅವನಿಗೆ ಸಿಟ್ಟು ಬಂತು, ಅಂಜಿಕೆಯೂ ಹೋಗಲಿಲ್ಲ.

"ಕಂಪನಿ ಬ್ಯಾಡ ಅಂತ ಹೇಳಲಿಕತ್ತೀರೇನ್ರಿ?"

"ಇಲ್ಲಪ್ಪ. ಕೆಲಸಾನೂ ಬೇಕು, ನೀರೂ ಬೇಕು. ನಾವು ಸುಮ್ಮ ಕುಂತ್ರ ಇವರಿಗೇನೂ ತೊಂದ್ರಿ ಇಲ್ಲ ಅಂತ ತಿಳ್ಕೋತಾರ. ಎದ್ದು ಮಾತಾಡಾಕ ಅಂಜಿಕಿ ಇದ್ರ ಬರ್ದು ಕೊಡ್ರಿ. ಮತ್ತ ಕಡೀಕ ಅವರು ಬರ್ಕೊಂಡಿದ್ದು ಕನ್ನಡದಾಗ ಓದಿ ಹೇಳ್ಬೇಕು, ಹಂಗಂತ ಕಾನೂನದ. ಅದನ್ನ ಕೇಳದ ಎದ್ದು ಬರಬ್ಯಾಡ್ರಿ."

ಸೋಮವಾರ ಸಭೆಯ ಪೆಂಡಾಲಿನಲ್ಲಿ ಊರಿನ ಹಣಮವ್ವ ಕಂಪನಿಯಿಂದ ಸಮುದಾಯ ಭವನ ಕೇಳಿದಳು. ಇನ್ನೊಬ್ಬರು ಗುಡಿಗೆ ಬಣ್ಣ ಕೇಳಿದರು. ಚಪ್ಪಾಳೆ ಬಿತ್ತು. ರಮಾಬಾಯಿ ಮೈಕ್ ಹಿಡಿದು, ವರದಿಯಲ್ಲಿಲ್ಲದ ತಮ್ಮ ಬಾವಿಯ ಮಾತು ಹೇಳಿ ಕೂತಳು. ಲಾಲಪ್ಪ ಹಿಂದೆ ಕಂಬದ ಮರೆಯಲ್ಲಿ ನಿಂತಿದ್ದ. ಮುಂದಿನ ಸಾಲಿನಲ್ಲಿ ಅವನ ಗುತ್ತೇದಾರನಿದ್ದ.

ಊಟದ ವಾಸನೆ ಬಂದದ್ದೇ ಅರ್ಧ ಪೆಂಡಾಲು ಖಾಲಿಯಾಯಿತು. ಆಗ ಸಭೆ ನಡೆಸಿದ ಅಧಿಕಾರಿ ತಾವು ಬರೆದುಕೊಂಡ ನಡಾವಳಿ ಓದಿದರು: "ಕೆಳಗಿನ ಓಣಿಯ ಮಹಿಳೆಯೊಬ್ಬರು ಕುಡಿಯುವ ನೀರಿನ ಸೌಲಭ್ಯ ಕೋರಿದರು."

ಲಾಲಪ್ಪನಿಗೆ ಇನ್ನು ತಡೆಯಲಾಗಲಿಲ್ಲ. ಕಂಬ ಬಿಟ್ಟು ಮುಂದೆ ಬಂದ.

"ಸಾಹೇಬ್ರ, ಆಕಿ ಸೌಲಭ್ಯ ಕೇಳಿಲ್ರಿ. ಬಾವಿ ಅದ ಅಂದಾಳ. ನಮ್ಮಪ್ಪ ತೋಡಿದ ಬಾವಿರಿ, ಹನ್ನೊಂದು ಮನಿ ಕುಡಿಲಿಕತ್ತೀವಿ. ಬಾವಿ ಅದ ಅಂತ ಬರೀರಿ."

ಗುತ್ತೇದಾರ ತಿರುಗಿ ನೋಡಿದ. ಅಧಿಕಾರಿ ತಿದ್ದಿ ಬರೆದು ಮತ್ತೊಮ್ಮೆ ಓದಿದರು. ಈ ಸಲ ಬಾವಿ ಇತ್ತು.

ಮರುದಿನ ಲಾಲಪ್ಪ ಕಂಪನಿಯ ಗೇಟಿನಲ್ಲಿ ಪಾಸ್ ತೋರಿಸಿದ. ಒಳಗೆ ಬಿಟ್ಟರು. ನಾಳೆ ಏನೋ ಗೊತ್ತಿಲ್ಲ. ಬಾವಿ ಉಳಿಯುತ್ತದೋ ಇಲ್ಲವೋ ಅದೂ ಗೊತ್ತಿಲ್ಲ. ಆದರೆ ಇನ್ನು ಅಲ್ಲಿ ಬಾವಿಯೇ ಇರಲಿಲ್ಲ ಎಂದು ಯಾರೂ ಹೇಳುವಂತಿಲ್ಲ. ಆ ಸಂಜೆ ನೀರು ಸೇದಲು ಲಾಲಪ್ಪನೇ ಹೋದ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರಿಗೂ ಗಣಿ ಬರಬಹುದು, ಕಾರ್ಖಾನೆ ಬರಬಹುದು. ಸಭೆಗೆ ಮೊದಲೇ ಪಂಚಾಯಿತಿಗೆ ಹೋಗಿ ವರದಿ ತೆಗೆಸಿ ಓದಿ, ಓದಲು ಬಾರದಿದ್ದರೆ ಓದಿಸಿಕೊಳ್ಳಿ. ಅದರಲ್ಲಿ ನಿಮ್ಮ ಬಾವಿ, ಹಳ್ಳ, ಹೊಲ ಇದೆಯೇ ನೋಡಿ. ಇಲ್ಲದಿದ್ದರೆ ಸಭೆಯಲ್ಲಿ ಹೇಳಿ ಬರೆಸಿ. ಊಟ ಎಲ್ಲಿಗೂ ಓಡಿಹೋಗುವುದಿಲ್ಲ, ಬರೆದದ್ದನ್ನು ಓದಿಸಿ ಕೇಳಿದ ಮೇಲೆಯೇ ಏಳಿ.