ಎಲ್ಲಿ ಮುರೀತು, ಅತ್ತಿಗೆ?

ಮೈದುನ ವೆಲ್ಡರ್, ಅತ್ತಿಗೆ ಬೆಸುಗೆಗಳನ್ನು ಪರೀಕ್ಷಿಸುವವಳು. ಒಂದೇ ಸೂರಿನಡಿ ಇಂಥ ಇಬ್ಬರಿದ್ದರೆ ತಮಾಷೆಗೆ ಬರವೇ? ಆದರೆ ಅಂದು ಲ್ಯಾಬಿಗೆ ಬಂದವನ ಮುಖದಲ್ಲಿ ನಗುವಿನ ಸುಳಿವಿರಲಿಲ್ಲ. ಬಾಯ್ಲರ್ ಕೆಲಸದ ಪರವಾನಗಿಗೆ ಎರಡು ಸಲ ಪರೀಕ್ಷೆ ಕೊಟ್ಟು ಎರಡು ಸಲವೂ ನಪಾಸಾಗಿದ್ದ. ಇದು ಕೊನೆಯ ಅವಕಾಶ.

ಲ್ಯಾಬಿನ ಯಂತ್ರ, ಅವನು ನಡುವೆ ಬೆಸೆದ ಉಕ್ಕಿನ ಪಟ್ಟಿಯನ್ನು ಎರಡೂ ತುದಿ ಹಿಡಿದು ಮುರಿಯುವ ತನಕ ಎಳೆಯುತ್ತದೆ. ಮುರಿಯುವುದಂತೂ ಖಂಡಿತ. ಬೆಸುಗೆಯೇ ಬೇಗ ಬಿಟ್ಟುಕೊಂಡರೆ ಕಥೆ ಮುಗಿಯಿತು. ಬೆಸುಗೆ ನಿಂತು ಪಕ್ಕದ ಉಕ್ಕು ಮುರಿದರೆ ಗೆದ್ದಂತೆ. ಅದೇ ಬೆಸುಗೆಯ ಒಂದು ಚೂರನ್ನು ಅತ್ತಿಗೆ ಬೆಳಿಗ್ಗೆಯೇ ನುಣುಪಾಗಿ ಉಜ್ಜಿ, ಆಸಿಡ್ ಸವರಿ, ಸೂಕ್ಷ್ಮದರ್ಶಕದಲ್ಲಿ ನೋಡಿದ್ದಳು. ಉಕ್ಕಿನ ಕಣಗಳು ಸಣ್ಣಗೆ, ಒತ್ತಾಗಿ ಕೂತಿದ್ದವು. ಒಂದು ಬಿರುಕೂ ಇರಲಿಲ್ಲ. ಅದನ್ನು ಬಾಯಿಬಿಟ್ಟು ಹೇಳುವಷ್ಟು ಒಳ್ಳೆಯವಳೇ ಅವಳು?

ಮೈದುನ ಗೋಡೆಗೆ ಮುಖ ಮಾಡಿ ಕಣ್ಣು ಮುಚ್ಚಿ ನಿಂತ. ಢಮಾರ್!

"ಎಲ್ಲಿ ಮುರೀತು, ಅತ್ತಿಗೆ?"

ಪಟ್ಟಿ ಬೆಸುಗೆಯಿಂದ ಮೂರು ಬೆರಳು ಆಚೆ ಮುರಿದಿತ್ತು. ಅತ್ತಿಗೆ ಲೊಚಗುಟ್ಟಿ, "ಅಯ್ಯೋ ಪಾಪ," ಅಂದಳು.

ಅಷ್ಟೇ ಸಾಕಾಯಿತು. ಅವನು ಕುಸಿದು ಕೂತ. "ಹೋಯ್ತು! ಕ್ಷಮಿಸಿಬಿಡಿ ಅತ್ತಿಗೆ. ಫೇಲಾದ್ರೂ ಮರ್ಯಾದೆ ಉಳೀಲಿ ಅಂತ ವರ್ಕ್‌ಶಾಪಲ್ಲಿ ಮೊದಲೇ ಹೇಳಿಟ್ಟಿದ್ದೆ, ನಮ್ಮತ್ತಿಗೆ ಬೆಸುಗೆ ನೋಡಲ್ಲ, ಮುಖ ನೋಡಿ ರಿಪೋರ್ಟ್ ಬರೀತಾರೆ ಅಂತ. ಮೇಸ್ತ್ರಿಗೂ ಹೇಳಿದ್ದೆ. ಅಣ್ಣನಿಗೂ..."

ಅತ್ತಿಗೆಗೆ ಮೈಯೆಲ್ಲ ಉರಿದುಹೋಯಿತು. ಹನ್ನೊಂದು ವರ್ಷ ಒಂದು ಅಂಕಿಯನ್ನೂ ಆಚೀಚೆ ಮಾಡಿದವಳಲ್ಲ!

"ಏಳೋ, ಪಾಸಾಗಿದ್ದೀಯ," ಅಂದಳು.

ಅವನು ಪಟ್ಟಿ ನೋಡಿ ಕುಣಿದಾಡಿಬಿಟ್ಟ. "ಈಗ್ಲೇ ಹೋಗಿ ಎಲ್ಲರಿಗೂ ಹೇಳ್ತೀನಿ!"

"ಹೇಳು, ಹೇಳು. ಮುಖ ನೋಡಿ ಬರೆಯೋ ಅತ್ತಿಗೆ ಪಾಸ್ ಮಾಡಿದ್ಲು ಅಂದ್ರೆ ಮೇಸ್ತ್ರಿ ನಿನ್ನನ್ನ ಬಾಯ್ಲರ್ ಹತ್ರ ಬಿಟ್ಕೊಳ್ತಾರಾ, ಕೇಳ್ಕೊಂಡು ಬಾ."

ಬಾಗಿಲ ತನಕ ಹೋದವನು ಇಂಗು ತಿಂದ ಮಂಗನ ಹಾಗೆ ನಿಂತ. "ಅತ್ತಿಗೆ, ನಾನು ಬೆಸೆದ ಇನ್ನೊಂದು ಪಟ್ಟಿ ಇದೆಯಲ್ಲ, ಅದನ್ನ ಎಲ್ಲರ ಮುಂದೆ ಎಳೀತೀರಾ?"

"ಅದು ಬೆಸುಗೇಲೇ ಹೋದ್ರೆ ಹಾಗೇ ಬರೀತೀನಿ."

ಮಧ್ಯಾಹ್ನ ವರ್ಕ್‌ಶಾಪಿಗೆ ವರ್ಕ್‌ಶಾಪೇ ಲ್ಯಾಬಿನಲ್ಲಿ ತುಂಬಿತ್ತು. ಅತ್ತಿಗೆಯ ಗಂಡನೂ ಬಂದಿದ್ದ. ಪಟ್ಟಿ ಮುರಿದಾಗ ಅವಳು ಕೈಕಟ್ಟಿ ನಿಂತಳು. ಮೇಸ್ತ್ರಿಯೇ ಬಗ್ಗಿ ನೋಡಿದ. "ಉಕ್ಕೇ ಹೋಗಿದೆ, ಬೆಸುಗೆ ಅಲ್ಲಾಡಿಲ್ಲ!" ಎಂದ. ಮೈದುನ ಗಳಗಳ ಅತ್ತೇಬಿಟ್ಟ.

"ನಿಮ್ಮ ಬಗ್ಗೆ ಇವನು ಹೇಳಿದ್ದನ್ನ ನಾವ್ಯಾರೂ ನಂಬಿರಲಿಲ್ಲಮ್ಮ," ಅಂದ ಮೇಸ್ತ್ರಿ. ಎಲ್ಲರೂ ಹೌದು ಹೌದು ಅಂದರು.

ಅತ್ತಿಗೆ ಗಂಡನ ಕಡೆ ತಿರುಗಿದಳು. ಅವನು ಯಂತ್ರದ ಮೇಲೆ ಬಗ್ಗಿ, ಬಹಳ ಆಸಕ್ತಿಯಿಂದ, "ಈ ಕೆಂಪು ಗುಂಡಿ ಯಾತಕ್ಕೆ?" ಎಂದು ಕೇಳಿದ.